ಬರ ಪರಿಹಾರ, ಈರುಳ್ಳಿ ರೇಟು, ಕೆರೆ ನೀರು: ಯಾವುದು ಯಾರ ಕೈಲಿದೆ?

ಮನವಿ ಕೊಡೋದರಲ್ಲಿ ನಾವು ರೈತರು ಹಿಂದೆ ಬಿದ್ದವರಲ್ಲ. ಶೇಂಗಾ ರೇಟು ಬಿದ್ದರೆ ತಹಸೀಲ್ದಾರರಿಗೆ ಮನವಿ. ಈರುಳ್ಳಿ ರೇಟು ಬಿದ್ದರೂ ತಹಸೀಲ್ದಾರರಿಗೇ ಮನವಿ. ಬೆಳೆ ವಿಮೆ ಬರಲಿಲ್ಲ, ಹಂದಿ ಹೊಲ ನುಗ್ಗಿತು, ಕರೆಂಟು ಇಲ್ಲ, ಕೆರೆ ಒತ್ತುವರಿ ಆಯ್ತು, ಎಲ್ಲಕ್ಕೂ ಅದೇ ಕಚೇರಿ, ಅದೇ ಮೆಟ್ಟಿಲು. ತಹಸೀಲ್ದಾರರು ಕಾಗದ ಇಸ್ಕೊಂಡು ‘ಮೇಲಕ್ಕೆ ಕಳಿಸ್ತೀವಿ’ ಅಂತಾರೆ. ಆ ‘ಮೇಲೆ’ ಅನ್ನೋದು ಬೆಂಗಳೂರೋ, ದಿಲ್ಲಿಯೋ? ಅದು ಗೊತ್ತಿಲ್ಲದಿದ್ದರೆ ನಮ್ಮ ಕಾಗದ ಎಲ್ಲಿ ನಿಂತಿತು ಅನ್ನೋದೂ ಗೊತ್ತಾಗೋಲ್ಲ.

ಯಾರಿಗೆ ಯಾವ ಅಧಿಕಾರ ಅನ್ನೋದನ್ನು ನಮ್ಮ ದೇಶದಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದೇ ಸಂವಿಧಾನ. 1949ರ ನವೆಂಬರ್ 26ರಂದು ಒಪ್ಪಿಕೊಂಡದ್ದು, 1950ರ ಜನವರಿ 26ರಿಂದ ಜಾರಿಗೆ ಬಂದದ್ದು. ನಾನು ಓದಿದ್ದು ಏಳನೇ ಕ್ಲಾಸು. ಕಾನೂನು ಪಂಡಿತನಲ್ಲ. ಆದರೆ ಹೊಲದ ಪಾಲುಪಟ್ಟಿ ಓದಿ ಅರ್ಥ ಮಾಡಿಕೊಳ್ಳುವವನಿಗೆ ಈ ಪುಸ್ತಕದ ಮುಖ್ಯ ವಿಷಯ ಅರ್ಥ ಆಗದೇ ಇರೋಲ್ಲ. ಯಾಕಂದ್ರೆ ಇದೂ ಒಂದು ಪಾಲುಪಟ್ಟಿಯೇ.

ಎರಡು ತರದ ಪಾಲು

ಸಂವಿಧಾನ ಅಧಿಕಾರವನ್ನು ಎರಡು ತರ ಪಾಲು ಮಾಡಿದೆ. ಒಂದು, ಕೆಲಸ ನೋಡಿ ಮಾಡಿದ ಪಾಲು. ಕಾನೂನು ಮಾಡೋರು ಒಬ್ಬರು, ಜಾರಿ ಮಾಡೋರು ಇನ್ನೊಬ್ಬರು, ತಕರಾರು ಬಂದಾಗ ತೀರ್ಪು ಹೇಳೋರು ಮತ್ತೊಬ್ಬರು. ಸ್ಕೂಲಿನ ಪುಸ್ತಕದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಪಾರ್ಲಿಮೆಂಟು, ವಿಧಾನಸಭೆ ಮೊದಲನೆಯದು. ಮಂತ್ರಿಗಳು, ಜಿಲ್ಲಾಧಿಕಾರಿ, ತಹಸೀಲ್ದಾರ್, ಗ್ರಾಮ ಲೆಕ್ಕಿಗರವರೆಗೆ ಎರಡನೆಯದು. ಸುಪ್ರೀಂ ಕೋರ್ಟು, ಹೈಕೋರ್ಟು, ಕೆಳಗಿನ ಕೋರ್ಟುಗಳು ಮೂರನೆಯದು.

ಇನ್ನೊಂದು, ಮಟ್ಟ ನೋಡಿ ಮಾಡಿದ ಪಾಲು. ದಿಲ್ಲಿಗೆ ಇಷ್ಟು, ರಾಜ್ಯಕ್ಕೆ ಇಷ್ಟು, ಇಬ್ಬರಿಗೂ ಸೇರಿ ಇಷ್ಟು. ಇದು ಸಂವಿಧಾನದ 246ನೇ ವಿಧಿಯಲ್ಲೂ ಏಳನೇ ಅನುಸೂಚಿಯಲ್ಲೂ ಇದೆ. ಅಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಮೊದಲು ಬರೆದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ಬಾಬ್ತುಗಳಿದ್ದವು. ಆಮೇಲೆ ತಿದ್ದುಪಡಿಗಳಲ್ಲಿ ಕೆಲವು ಆಚೀಚೆ ಆದವು.

ಅಣ್ಣತಮ್ಮಂದಿರು ಬೇರೆ ಆಗುವಾಗ ಮೇಲಿನ ಹೊಲ ಅಣ್ಣನಿಗೆ, ಕೆಳಗಿನ ಹೊಲ ತಮ್ಮನಿಗೆ ಅಂತ ಬರೀತಾರೆ. ಬಾವಿ, ಕಣ, ದಾರಿ ಮಾತ್ರ ಇಬ್ಬರಿಗೂ ಸೇರಿದ್ದು ಅಂತ ಬಿಡ್ತಾರೆ. ಜಗಳ ಹುಟ್ಟೋದು ಯಾವಾಗಲೂ ಆ ಬಾವಿ, ದಾರಿಯಲ್ಲೇ. ಸಮವರ್ತಿ ಪಟ್ಟಿಯೂ ಹಾಗೇ. ಅದರಲ್ಲಿ ಇಬ್ಬರೂ ಕಾನೂನು ಮಾಡಬಹುದು. ಒಂದಕ್ಕೊಂದು ತಾಳೆ ಆಗದಿದ್ದರೆ 254ನೇ ವಿಧಿ ಪ್ರಕಾರ ಕೇಂದ್ರದ ಕಾನೂನೇ ನಿಲ್ಲುತ್ತದೆ. ರಾಜ್ಯ ತನ್ನ ಕಾನೂನಿಗೆ ರಾಷ್ಟ್ರಪತಿಗಳ ಒಪ್ಪಿಗೆ ತಂದಿದ್ದರೆ ಆ ರಾಜ್ಯದಲ್ಲಿ ರಾಜ್ಯದ್ದು ನಡೆಯುತ್ತದೆ. ಅದನ್ನೂ ಪಾರ್ಲಿಮೆಂಟು ಮುಂದೆ ಬದಲಾಯಿಸಬಹುದು. ಮೂರು ಪಟ್ಟಿಯಲ್ಲೂ ಇಲ್ಲದ ವಿಷಯ ಬಂದರೆ ಅದೂ ದಿಲ್ಲಿಗೇ ಸೇರ್ತದೆ. ಒಟ್ಟಿನಲ್ಲಿ ಪಾಲುಪಟ್ಟಿಯಲ್ಲಿ ಅಣ್ಣನ ಕೈ ಸ್ವಲ್ಪ ಮೇಲೇ ಇದೆ.

ನಮ್ಮ ಬಾಬ್ತು ಯಾವ ಪಟ್ಟಿಯಲ್ಲಿ?

ನಮಗೆ ಸಂಬಂಧಪಟ್ಟ ಬಾಬ್ತುಗಳನ್ನು ಮಾತ್ರ ಹೆಕ್ಕಿ ಕೊಡ್ತೇನೆ. ಬೇಕಾದವರು ಗೋಡೆಗೆ ಅಂಟಿಸಿಕೊಳ್ಳಬಹುದು.

ರಾಜ್ಯ ಪಟ್ಟಿ: ವ್ಯವಸಾಯ, ಕೃಷಿ ಶಿಕ್ಷಣ, ಕೀಟ ರೋಗದಿಂದ ರಕ್ಷಣೆ (14). ನೀರು, ನೀರಾವರಿ, ಕಾಲುವೆ (17). ಜಮೀನು, ಗೇಣಿ (18). ಸಂತೆ, ಮಾರುಕಟ್ಟೆ (28). ಲೇವಾದೇವಿ ಮತ್ತು ರೈತರ ಸಾಲಭಾರದ ಪರಿಹಾರ (30). ಸಹಕಾರ ಸಂಘ (32). ಕಂದಾಯ (45). ಕೃಷಿ ಆದಾಯದ ಮೇಲಿನ ತೆರಿಗೆ (46).

ಕೇಂದ್ರ ಪಟ್ಟಿ: ಹೊರದೇಶದ ವ್ಯಾಪಾರ, ಆಮದು ರಫ್ತು (41). ಬ್ಯಾಂಕು (45). ವಿಮೆ (47). ಎರಡು ರಾಜ್ಯಗಳಲ್ಲಿ ಹರಿಯುವ ನದಿಗಳ ನಿಯಂತ್ರಣ (56). ಆಮದು ಸುಂಕ, ರಫ್ತು ಸುಂಕ (83).

ಸಮವರ್ತಿ ಪಟ್ಟಿ: ಕಾಡು (17ಎ) ಮತ್ತು ಕಾಡುಪ್ರಾಣಿ ರಕ್ಷಣೆ (17ಬಿ). ಆಹಾರ ಪದಾರ್ಥ, ಎಣ್ಣೆಕಾಳು, ದನದ ಮೇವು, ಹತ್ತಿ ಇವುಗಳ ವ್ಯಾಪಾರ (33). ಬೆಲೆ ನಿಯಂತ್ರಣ (34). ವಿದ್ಯುತ್ (38). ಭೂಸ್ವಾಧೀನ (42).

ಇದನ್ನು ಒಂದು ಸಲ ಓದಿದರೆ ಒಂದು ಮಾತು ಸ್ಪಷ್ಟ ಆಗ್ತದೆ. ಬೆಳೆಯೋದು ರಾಜ್ಯದ ಬಾಬ್ತು. ಬೆಳೆದದ್ದು ಹೊಲ ದಾಟಿ ದೂರ ಹೋದಂತೆಲ್ಲ ದಿಲ್ಲಿಯ ಕೈಗೆ ಹೋಗ್ತದೆ. ಸಹಕಾರ ಸಂಘದ ಸಾಲ ಒಂದು ಕೈ, ಬ್ಯಾಂಕಿನ ಸಾಲ ಇನ್ನೊಂದು ಕೈ. ಹಳ್ಳದ ನೀರು ಒಂದು ಕೈ, ಹೊಳೆ ನೀರು ಎರಡು ಕೈ.

ಈರುಳ್ಳಿಯನ್ನೇ ನೋಡಿ. ನಮ್ಮ ಚಿತ್ರದುರ್ಗದ ಕಡೆ ಈರುಳ್ಳಿ ಹಾಕದ ಊರು ಕಡಿಮೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿತು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿತು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ. ಇದಕ್ಕೆ ಪಾರ್ಲಿಮೆಂಟಿನಲ್ಲಿ ಹೊಸ ಕಾನೂನು ಬೇಕಾಗಲಿಲ್ಲ. 1992ರ ವಿದೇಶ ವ್ಯಾಪಾರ ಕಾಯ್ದೆಯಲ್ಲೇ ಪಾರ್ಲಿಮೆಂಟು ಆ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟುಬಿಟ್ಟಿದೆ. ಒಂದು ಅಧಿಸೂಚನೆ ಹೊರಟರೆ ಸಾಕು, ರೇಟಿಗೆ ಹೊಡೆತ. ಈ ವಿಷಯದಲ್ಲಿ ನಾವು ಬೆಂಗಳೂರಿನ ಕೃಷಿ ಮಂತ್ರಿಗಳ ಕಾರು ಅಡ್ಡಗಟ್ಟಿದರೆ ಅವರಿಗೂ ಮಾಡಲಿಕ್ಕೆ ಏನೂ ಇರೋಲ್ಲ, ದಿಲ್ಲಿಗೆ ಒಂದು ಪತ್ರ ಬರೀಬಹುದು ಅಷ್ಟೆ. ಹಿಡೀಬೇಕಾದ್ದು ನಮ್ಮ ಎಂಪಿಯವರನ್ನು. ಹೊರಗಿನ ಅಡುಗೆ ಎಣ್ಣೆ ಬಂದು ಶೇಂಗಾ ರೇಟು ಕುಸಿದರೂ ಇದೇ ಲೆಕ್ಕ, ಆಮದು ಸುಂಕ ಇರೋದು ದಿಲ್ಲಿಯಲ್ಲಿ.

ಬೆಂಬಲ ಬೆಲೆಯೂ ದಿಲ್ಲಿಯದೇ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡ್ತದೆ, ಕೇಂದ್ರ ಸಂಪುಟದ ಸಮಿತಿ ನಿರ್ಧಾರ ಮಾಡ್ತದೆ. ಇದು ಸರ್ಕಾರದ ತೀರ್ಮಾನ, ಪಾರ್ಲಿಮೆಂಟಿನ ಕಾನೂನಲ್ಲ. ಹಾಗಾಗಿ ಬೆಂಬಲ ಬೆಲೆಗಿಂತ ಕಡಿಮೆಗೆ ಮಂಡಿಯಲ್ಲಿ ವ್ಯಾಪಾರಿ ಕೇಳಿದರೆ, ‘ಇಷ್ಟು ಕೊಡಲೇಬೇಕು’ ಅಂತ ಕೋರ್ಟಿಗೆ ಹೋಗಲಿಕ್ಕೆ ಆಧಾರವಿಲ್ಲ. ಬೆಂಬಲ ಬೆಲೆಗೆ ಕಾನೂನು ಮಾಡಿ ಅಂತ ರೈತ ಸಂಘಟನೆಗಳು ಯಾಕೆ ಕೂಗ್ತಾವೆ ಅನ್ನೋದು ಇಲ್ಲಿ ತಿಳಿಯುತ್ತದೆ. ಸಂಪುಟ ಕೊಟ್ಟದ್ದನ್ನು ಸಂಪುಟ ಬದಲಾಯಿಸಬಹುದು. ಪಾರ್ಲಿಮೆಂಟು ಕೊಟ್ಟದ್ದನ್ನು ತೆಗೆಯಲಿಕ್ಕೆ ಪಾರ್ಲಿಮೆಂಟೇ ಬೇಕು.

ಮೂರು ಕೃಷಿ ಕಾಯ್ದೆಗಳ ಕಥೆ

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಹೇಗೆ ಕೆಲಸ ಮಾಡ್ತಾವೆ ಅಂತ ತಿಳಿಯಲಿಕ್ಕೆ ರೈತರಿಗೆ 2020ರ ಕೃಷಿ ಕಾಯ್ದೆಗಳಿಗಿಂತ ಒಳ್ಳೆ ಪಾಠ ಇಲ್ಲ.

ಮೊದಲು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು. ಸದನ ನಡೆಯದೇ ಇರುವಾಗ ತುರ್ತು ಇದ್ದರೆ ಸರ್ಕಾರದ ಸಲಹೆ ಮೇಲೆ ರಾಷ್ಟ್ರಪತಿಗಳು ಸುಗ್ರೀವಾಜ್ಞೆ ಹೊರಡಿಸಬಹುದು ಅಂತ 123ನೇ ವಿಧಿ ಹೇಳ್ತದೆ. ಆದರೆ ಅದಕ್ಕೆ ಆಯುಸ್ಸು ಕಡಿಮೆ. ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗ್ತದೆ. ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟು ಮಸೂದೆಗಳನ್ನು ಪಾಸು ಮಾಡಿತು. ಅದೇ ತಿಂಗಳ 27ಕ್ಕೆ ರಾಷ್ಟ್ರಪತಿಗಳ ಸಹಿ ಆಯ್ತು. ಕಾನೂನಾಯ್ತು.

ಇಲ್ಲಿ ಪಾಲುಪಟ್ಟಿಯ ಜಗಳ ಎದ್ದಿತು. ವ್ಯವಸಾಯ, ಮಾರುಕಟ್ಟೆ ರಾಜ್ಯ ಪಟ್ಟಿಯಲ್ಲಿವೆ, ದಿಲ್ಲಿಗೆ ಇದರಲ್ಲಿ ಏನು ಕೆಲಸ ಅಂತ ಹಲವರು ಕೇಳಿದರು. ಸಮವರ್ತಿ ಪಟ್ಟಿಯ 33ನೇ ಬಾಬ್ತು, ಅಂದರೆ ಆಹಾರ ಪದಾರ್ಥದ ವ್ಯಾಪಾರ, ನಮಗೂ ಸೇರಿದ್ದು ಅಂತ ಕೇಂದ್ರ ಹೇಳಿತು. ಕಣದಲ್ಲಿ ರಾಶಿ ಇದ್ದಾಗ ಅದು ವ್ಯವಸಾಯ, ಗಾಡಿ ಏರಿದಾಗ ವ್ಯಾಪಾರ. ಎಲ್ಲಿ ಒಂದು ಮುಗಿದು ಇನ್ನೊಂದು ಶುರು ಅಂತ ಗೆರೆ ಎಳೆಯೋದು ಸುಲಭ ಅಲ್ಲ.

ನವೆಂಬರ್ ಕೊನೆಗೆ ಪಂಜಾಬ್, ಹರಿಯಾಣದ ರೈತರು ದಿಲ್ಲಿ ಗಡಿಯಲ್ಲಿ ಕೂತರು. 2021ರ ಜನವರಿ 12ರಂದು ಸುಪ್ರೀಂ ಕೋರ್ಟು ಕಾಯ್ದೆಗಳ ಜಾರಿಗೆ ತಡೆ ಕೊಟ್ಟು ಒಂದು ಸಮಿತಿ ಮಾಡಿತು. ತಡೆ ಅಂದರೆ ರದ್ದು ಅಲ್ಲ. ಕಾನೂನು ಪುಸ್ತಕದಲ್ಲಿ ಇರ್ತದೆ, ಜಾರಿ ನಿಲ್ತದೆ. 2021ರ ನವೆಂಬರ್ 19ರಂದು ಪ್ರಧಾನಿಯವರು ವಾಪಸ್ ತಗೋತೀವಿ ಅಂತ ಘೋಷಿಸಿದರು. ಆದರೂ ಗಡಿಯಲ್ಲಿ ಕೂತವರು ಏಳಲಿಲ್ಲ. ಯಾಕೆ? ಪ್ರಧಾನಿ ಹೇಳಿದ ಮಾತ್ರಕ್ಕೆ ಕಾನೂನು ಹೋಗೋಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಪಾರ್ಲಿಮೆಂಟು ಮಾಡಿದ್ದನ್ನು ಪಾರ್ಲಿಮೆಂಟೇ ತೆಗೀಬೇಕು. ನವೆಂಬರ್ 29ರಂದು ಎರಡೂ ಸದನಗಳಲ್ಲಿ ರದ್ದತಿ ಮಸೂದೆ ಪಾಸಾಯ್ತು. ಮಿಕ್ಕ ಬೇಡಿಕೆಗಳಿಗೂ ಸರ್ಕಾರದಿಂದ ಬರಹದಲ್ಲಿ ಪತ್ರ ಬಂದ ಮೇಲೆ ಡಿಸೆಂಬರ್‌ನಲ್ಲಿ ಅವರು ಊರಿಗೆ ಹೊರಟರು. ಕಾಯ್ದೆ ಒಳ್ಳೇದೋ ಕೆಟ್ಟದ್ದೋ ಅನ್ನೋದರಲ್ಲಿ ಓದುಗರಲ್ಲೇ ಎರಡು ಅಭಿಪ್ರಾಯ ಇರಬಹುದು. ಯಾವ ಬಾಗಿಲು ಯಾರು ತೆಗೀಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ.

ದುಡ್ಡಿನ ಕೀಲಿ

ಪಟ್ಟಿಯಲ್ಲಿ ವ್ಯವಸಾಯ ರಾಜ್ಯಕ್ಕೆ ಬಂತು, ಸರಿ. ದುಡ್ಡು? ದೊಡ್ಡ ತೆರಿಗೆಗಳನ್ನು ಎತ್ತೋದು ದಿಲ್ಲಿ. ಖರ್ಚಿನ ಬಾಬ್ತು ಹೆಚ್ಚಿರೋದು ರಾಜ್ಯಕ್ಕೆ. ಇದನ್ನು ಸರಿದೂಗಿಸಲಿಕ್ಕೆ 280ನೇ ವಿಧಿ ಪ್ರಕಾರ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂಡಿಸ್ತಾರೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆಲ್ಲ ಸೇರಿ ಎಷ್ಟು, ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಅದು ಹೇಳ್ತದೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಆಯೋಗ ಶೇಕಡಾ 41 ರಾಜ್ಯಗಳಿಗೆ ಅಂದಿತು. ಅದರಲ್ಲಿ ಕರ್ನಾಟಕದ ಪಾಲು ಶೇಕಡಾ 3.647. ಹಿಂದಿನ ಆಯೋಗದಲ್ಲಿ 4.713 ಇತ್ತು. ಕರ್ನಾಟಕ ತಕರಾರು ತೆಗೆದದ್ದು ಇದಕ್ಕೇ. ಇನ್ನೊಂದು ಗಮನಿಸಿ. ಸೆಸ್ಸು, ಸರ್ಚಾರ್ಜು ಅಂತ ಕೇಂದ್ರ ಹಾಕುವ ತೆರಿಗೆ ಈ ಪಾಲಿನ ರಾಶಿಗೇ ಬರೋಲ್ಲ. ರಾಶಿ ಅಳೆಯುವ ಮೊದಲೇ ಬದಿಗಿಟ್ಟ ಚೀಲ ಇದ್ದ ಹಾಗೆ.

ಬಜೆಟ್‌ನಲ್ಲಿ ಹೇಳಿದ್ದೆಲ್ಲ ಕೈಗೆ ಬಂದ ಹಾಗಲ್ಲ ಅನ್ನೋದನ್ನೂ ನಮ್ಮ ಜಿಲ್ಲೆಯವರು ನೋಡಿದ್ದೇವೆ. ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ 2023ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಘೋಷಣೆ ಆಯ್ತು. ಕಾಲುವೆ ತೋಡೋದು ರಾಜ್ಯದ ಕೆಲಸ. ನೀರಿನ ಪಾಲು ಕೃಷ್ಣಾ ನ್ಯಾಯಮಂಡಳಿಯ ಲೆಕ್ಕದಲ್ಲಿ ಬರಬೇಕು, ಯಾಕಂದ್ರೆ ಹೊಳೆ ಮೂರ್ನಾಲ್ಕು ರಾಜ್ಯದ್ದು. ಇಂಥ ನೀರಿನ ಜಗಳಕ್ಕೆ 262ನೇ ವಿಧಿಯಲ್ಲಿ ಬೇರೆ ದಾರಿ ಇಟ್ಟಿದ್ದಾರೆ, 1956ರ ಕಾಯ್ದೆ ಆಗಿದೆ. ಹೊಲಕ್ಕೆ ಒಂದು ತೂಬು ನೀರು ಬರಬೇಕಾದರೆ ಇಷ್ಟು ಜನ ಒಪ್ಪಬೇಕು.

2023ರ ಬರ: ಮೂರು ಬಾಗಿಲು, ಒಂದು ವರ್ಷ

ಈಗ ಮುಖ್ಯ ವಿಷಯಕ್ಕೆ ಬರೋಣ. 2023ರ ಮುಂಗಾರು ಕೈಕೊಟ್ಟಿತು. ಬಿತ್ತಿದ ಶೇಂಗಾ ಹೂವಿನಲ್ಲೇ ಒಣಗಿತು. ಬರ ಅಂತ ಘೋಷಿಸುವ ಅಧಿಕಾರ ರಾಜ್ಯದ್ದು, ಆದರೆ ಅಳತೆಗೋಲು ಕೇಂದ್ರದ ಬರ ಕೈಪಿಡಿಯದು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯ್ತು. ರಾಜ್ಯ ಸರ್ಕಾರ 18,171 ಕೋಟಿ ಕೇಳಿತು.

ಪರಿಹಾರಕ್ಕೆ ಎರಡು ಪೆಟ್ಟಿಗೆ. ರಾಜ್ಯ ವಿಪತ್ತು ನಿಧಿ ಒಂದು, ನಮ್ಮಂಥ ರಾಜ್ಯಗಳಲ್ಲಿ ಅದಕ್ಕೆ ಕೇಂದ್ರ ನೂರಕ್ಕೆ 75, ರಾಜ್ಯ 25 ಹಾಕ್ತವೆ. ಅದು ಸಾಲದಿದ್ದರೆ ರಾಷ್ಟ್ರೀಯ ನಿಧಿ. ಅದರ ಕೀಲಿ ಪೂರ್ತಿ ದಿಲ್ಲಿಯಲ್ಲಿ. ಎರಡಕ್ಕೂ ದರ ನಿಗದಿ ಮಾಡೋದು ಕೇಂದ್ರ. ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕು. ಆ ವರ್ಷದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 3,400. ಶೇಂಗಾ ಬೀಜದ ಖರ್ಚಿಗೂ ಸಾಲದು ಅಂತ ಬೆಳೆದವರಿಗೆಲ್ಲ ಗೊತ್ತು.

ತಿಂಗಳುಗಳು ಕಳೆದವು. ಮಧ್ಯೆ ರಾಜ್ಯ ಸರ್ಕಾರ ಮೊದಲ ಕಂತು ಅಂತ ಒಬ್ಬ ರೈತನಿಗೆ ಹೆಚ್ಚೆಂದರೆ 2,000 ರೂಪಾಯಿ ಕೊಟ್ಟಿತು. ಬೆಂಗಳೂರಿನವರು ದಿಲ್ಲಿ ಕಡೆ ಬೆರಳು ತೋರಿಸಿದರು, ದಿಲ್ಲಿಯವರು ಬೆಂಗಳೂರಿನ ಕಡೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. ಕೇಂದ್ರ ರಾಜ್ಯಗಳ ನಡುವೆ ಪೈಪೋಟಿ ಬೇಡ ಅಂತ ಕೋರ್ಟು ಹೇಳಿತು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂದಿತ್ತು. ಚುನಾವಣೆ ವೇಳೆ ಇಂಥ ತೀರ್ಮಾನಕ್ಕೆ ಚುನಾವಣಾ ಆಯೋಗ ಒಪ್ಪಬೇಕು. ಆಯೋಗ 324ನೇ ವಿಧಿಯಲ್ಲಿ ಹುಟ್ಟಿದ ಸಂಸ್ಥೆ, ಯಾವ ಮಂತ್ರಿಯ ಕೈಕೆಳಗೂ ಇಲ್ಲ. ಆಯೋಗ ಒಪ್ಪಿದೆ ಅಂತ ಏಪ್ರಿಲ್ 22ರಂದು ಕೇಂದ್ರ ಕೋರ್ಟಿಗೆ ತಿಳಿಸಿತು. ಅದೇ ವಾರದ ಕೊನೆಗೆ 3,454 ಕೋಟಿ ಮಂಜೂರಾಯ್ತು. ಕೇಳಿದ್ದರಲ್ಲಿ ಐದನೇ ಒಂದು ಪಾಲಿಗೂ ಸ್ವಲ್ಪ ಕಡಿಮೆ.

ಲೆಕ್ಕ ಹಾಕಿ. ಬಿತ್ತಿದ್ದು ಜೂನ್ ಜುಲೈ. ದಿಲ್ಲಿಯ ದುಡ್ಡು ಹೊರಟಿದ್ದು ಏಪ್ರಿಲ್ ಕೊನೆ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ದನ ಸಂತೆಗೆ ಹೋದವೋ, ಎಷ್ಟು ಜನ ಗುಳೆ ಹೋದರೋ. ಯಾರ ತಪ್ಪು ಎಷ್ಟು ಅಂತ ನಾನು ಇಲ್ಲಿ ತೀರ್ಪು ಕೊಡೋಲ್ಲ. ಅಧಿಕಾರ ಒಬ್ಬರ ಕೈಲೇ ಇರಬಾರದು ಅಂತ ಪಾಲು ಮಾಡಿದ್ದು ಸರಿಯೇ. ಒಬ್ಬರ ಕೈಲಿದ್ದರೆ ಆ ಒಬ್ಬ ಇಲ್ಲ ಅಂದರೆ ಮುಗೀತು. ಇಲ್ಲಿ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ತಟ್ಟಲಿಕ್ಕೆ ಆಯ್ತು. ಆದರೆ ಪಾಲಿನ ಜಗಳದಲ್ಲಿ ಹೋಗುವ ದಿನಗಳ ಬಡ್ಡಿ ಕಟ್ಟೋನು ರೈತ. ಬರ ಪರಿಹಾರಕ್ಕೆ ಇಂತಿಷ್ಟು ದಿನದೊಳಗೆ ತೀರ್ಮಾನ ಆಗಲೇಬೇಕು ಅನ್ನುವ ಗಡುವು ಕಾನೂನಿನಲ್ಲೇ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಬಿತ್ತನೆಗೆ ಹದ ಇದ್ದ ಹಾಗೆ ಪರಿಹಾರಕ್ಕೂ ಹದ ಇದೆ.

ಊರಿನ ಪಾಲು

ಮೂರನೇ ಮನೆ ಒಂದಿದೆ, ಪಂಚಾಯ್ತಿ. ಮೊದಲು ಇದು ಸಂವಿಧಾನದಲ್ಲಿ ಗಟ್ಟಿಯಾಗಿ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ 1983ರ ಕಾಯ್ದೆ ಬಂದು 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಬಂದಿತ್ತು. ದೇಶಕ್ಕೆಲ್ಲ ಬಂದದ್ದು 73ನೇ ತಿದ್ದುಪಡಿಯಿಂದ, 1993ರ ಏಪ್ರಿಲ್ 24ರಿಂದ ಜಾರಿ. ಐದು ವರ್ಷಕ್ಕೊಮ್ಮೆ ಚುನಾವಣೆ, ಹೆಂಗಸರಿಗೆ ಮೂರರಲ್ಲಿ ಒಂದಕ್ಕೆ ಕಡಿಮೆ ಇಲ್ಲದ ಸ್ಥಾನ, ಗ್ರಾಮಸಭೆ, ಇವೆಲ್ಲ ಆಗ ಸಂವಿಧಾನಕ್ಕೆ ಸೇರಿದವು. 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮೊದಲನೆಯದೇ ವ್ಯವಸಾಯ. ಸಣ್ಣ ನೀರಾವರಿ, ಜಲಾನಯನ, ಪಶುಪಾಲನೆ, ಮೇವು ಎಲ್ಲ ಅದರಲ್ಲಿವೆ.

ಆದರೆ 243ಜಿ ವಿಧಿಯನ್ನು ಕನ್ನಡಕ ಹಾಕಿಕೊಂಡು ಓದಬೇಕು. ಈ ಅಧಿಕಾರಗಳನ್ನು ರಾಜ್ಯದ ಶಾಸನಸಭೆ ಕೊಡಬಹುದು ಅಂತಿದೆ, ಕೊಡಲೇಬೇಕು ಅಂತಿಲ್ಲ. ದಿಲ್ಲಿ ನಮಗೆ ಪಾಲು ಕೊಡೋಲ್ಲ ಅಂತ ದೂರುವ ಬೆಂಗಳೂರು, ಊರಿನ ಪಾಲು ಕೊಡುವಾಗ ತಾನೂ ಅಣ್ಣನ ಹಾಗೇ ನಡೆದುಕೊಳ್ತದೆ. ಪಂಚಾಯ್ತಿ ಅಧ್ಯಕ್ಷರನ್ನು ಬೈಯೋ ಮುಂಚೆ ಅವರ ಕೈಗೆ ಎಷ್ಟು ಬಂದಿದೆ ಅಂತ ಕೇಳೋದು ಒಳ್ಳೆಯದು. ಹಾಗಂತ ಗ್ರಾಮಸಭೆಗೆ ಹೋಗದೆ ಮನೇಲಿ ಕೂತವರಿಗೆ ಕೇಳುವ ಬಾಯಿ ಇರೋಲ್ಲ.

ಮನವಿ ಬರೆಯುವ ಮುಂಚೆ

ಇದೆಲ್ಲ ತಿಳಿದು ನಮಗೇನು ಲಾಭ? ಮನವಿ ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಇದು ಯಾವ ಪಟ್ಟಿಯ ಬಾಬ್ತು? ರಾಜ್ಯದ್ದಾದರೆ ಶಾಸಕರು, ಕೇಂದ್ರದ್ದಾದರೆ ಎಂಪಿ. ಸಮವರ್ತಿ ಆದರೆ ಇಬ್ಬರಿಗೂ ಕೊಡಿ, ಒಬ್ಬರ ಪ್ರತಿಯಲ್ಲಿ ಇನ್ನೊಬ್ಬರಿಗೆ ಕೊಟ್ಟದ್ದನ್ನು ಬರೆಯಿರಿ. ಆಗ ಬೆರಳು ತೋರಿಸುವ ಆಟ ಸ್ವಲ್ಪ ಕಡಿಮೆ ಆಗ್ತದೆ.

ಎರಡು, ಬೇಕಾದ್ದು ಏನು? ಕಾನೂನೇ ಬದಲಾಗಬೇಕೋ, ಇರುವ ಕಾನೂನು ಜಾರಿ ಆಗಬೇಕೋ, ಅನ್ಯಾಯಕ್ಕೆ ತೀರ್ಪು ಬೇಕೋ? ಕಾನೂನು ಬದಲಿಸಲಿಕ್ಕೆ ಅಧಿಕಾರಿಗೆ ಆಗೋಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟಿದ್ದರೆ ಅದಕ್ಕೆ ಮಂತ್ರಿ ಬೇಕಿಲ್ಲ, ತಾಲೂಕು ಕಚೇರಿಯಲ್ಲೇ ಆಗಬೇಕು. ಜಮೀನು ಸ್ವಾಧೀನಕ್ಕೆ ಹೋದರೆ ಒಂದು ಮಾತು ನೆನಪಿಡಿ. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿ ಆದ ಮೇಲೆ ಮೂಲಭೂತ ಹಕ್ಕಾಗಿ ಉಳಿದಿಲ್ಲ. ಆದರೂ ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ ಅಂತ 300ಎ ವಿಧಿ ಹೇಳ್ತದೆ. 226ನೇ ವಿಧಿ ಕೆಳಗೆ ಹೈಕೋರ್ಟಿಗೆ ಹೋಗಬಹುದು. ಬೆಂಗಳೂರಿಗೇ ಹೋಗಬೇಕಿಲ್ಲ, ಉತ್ತರದ ಜಿಲ್ಲೆಯವರಿಗೆ ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ. ವಕೀಲರ ಫೀಜಿಗೆ ಶಕ್ತಿ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಮೂರು, ನಮ್ಮ ಕಾಗದ ಈಗ ಎಲ್ಲಿದೆ? ‘ಮೇಲಕ್ಕೆ ಕಳಿಸಿದ್ದೇವೆ’ ಅಂದರೆ ಯಾವ ತಾರೀಖು, ಯಾವ ನಂಬರು, ಯಾರಿಗೆ ಅಂತ ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ.

ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು ಊರಿನ ಗ್ರಂಥಾಲಯದಲ್ಲೋ ಹೈಸ್ಕೂಲು ಮೇಷ್ಟರ ಹತ್ತಿರವೋ ಕೇಳಿ ಪಡೆಯಿರಿ. ಮಳೆಗಾಲ ಶುರು ಆಗುವ ಮುಂಚೆ ಒಂದು ಸಂಜೆ ಕಟ್ಟೆ ಮೇಲೆ ಕೂತು ನಾಲ್ಕು ಜನ ಓದಿದರೆ ಸಾಕು. ನಿಮ್ಮ ಊರಿನಲ್ಲಿ ಯಾವ ಮನವಿ ಯಾವ ಬಾಗಿಲಲ್ಲಿ ಕೆಲಸ ಮಾಡಿತು, ಎಷ್ಟು ದಿನ ಹಿಡಿಯಿತು ಅನ್ನೋದನ್ನು ಪತ್ರಿಕೆಗೆ ಬರೆಯಿರಿ. ಹತ್ತು ಊರಿನ ಅನುಭವ ಒಂದು ಕಡೆ ಸೇರಿದರೆ ಮುಂದಿನ ಬರದ ಹೊತ್ತಿಗೆ ಹನ್ನೊಂದನೇ ಊರಿನವರು ನೇರ ಸರಿಯಾದ ಬಾಗಿಲಿಗೇ ಹೋಗ್ತಾರೆ.